ಬ್ಲೇಡು ತಿರುಗಲಿ ಬಿಡಿ

ಟೊರಾಂಟೊದ ಏರ್ ಶೋ ನೋಡಿ ಬಂದ ರಾತ್ರಿ ನಮ್ಮ ಹಳೇ ಫ್ಯಾಕ್ಟರಿಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದೆ. ಮೇಲೆ ನೀಲಿ ಆಕಾಶ, ಕೆಳಗೆ ಒಂಟಾರಿಯೊ ಸರೋವರದ ತೆಳು ಗೆರೆ, ನಡುವೆ ಹಳದಿ ಬಣ್ಣದ ಹೆಲಿಕಾಪ್ಟರು. ಮೈಮೇಲಿನ ರಿವೆಟ್ಟುಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಬೆಂಗಳೂರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಐದು ನಿಮಿಷದಲ್ಲಿ ಮೊದಲ ಉತ್ತರ ಬಂತು: ‘ಬ್ಲೇಡು ನಿಂತೇ ಹೋಗಿದೆಯಲ್ಲೋ, ಪೈಲಟ್ ಗತಿಯೇನು?’ ಅದರ ಬೆನ್ನಿಗೇ ಇನ್ನೊಬ್ಬನದು: ‘ಯಾವ ಅಂಗಡಿಯ ಆಟದ ಸಾಮಾನು? ದಾರ ಕಾಣದ ಹಾಗೆ ಚೆನ್ನಾಗಿ ಕಟ್ಟಿದ್ದೀಯ.’

ನಗು ಬಂತು, ಸ್ವಲ್ಪ ಚುಚ್ಚಲೂ ಚುಚ್ಚಿತು. ಎಚ್‌ಎಎಲ್‌ನ ಹೆಲಿಕಾಪ್ಟರ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಮೊದಲು ಚೇತಕ್, ಆಮೇಲೆ ಧ್ರುವ. ಅದರಲ್ಲಿ ಬಹುಪಾಲು ಕಳೆದದ್ದು ಬ್ಲೇಡುಗಳ ಜೊತೆಗೇ. ಅಂಥವನು ತೆಗೆದ ಫೋಟೊದಲ್ಲಿ ಬ್ಲೇಡು ನಿಂತಿದೆ ಅಂದರೆ, ಬಾಣಸಿಗ ಮಾಡಿದ ಸಾರಿಗೆ ಉಪ್ಪಿಲ್ಲ ಅಂದಹಾಗೆ.

ಮಗಳ ಮನೆ ಮಿಸಿಸಾಗಾದಲ್ಲಿ. ಮೂರು ತಿಂಗಳಿಗೆಂದು ಬಂದಿದ್ದೆವು. ಇಲ್ಲಿಗೆ ಬರುವ ಅಪ್ಪ ಅಮ್ಮಂದಿರ ದಿನಚರಿ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟ ಮೇಲೆ ಮನೆ ಗವ್ವೆನ್ನುತ್ತದೆ. ಒಂದು ವಾಕಿಂಗು, ಪಾರ್ಕಿನ ಬೆಂಚಿನಲ್ಲಿ ದಾವಣಗೆರೆಯ ಒಬ್ಬರು, ಪುತ್ತೂರಿನ ಒಬ್ಬರು. ಮೂವರೂ ಸೇರಿ ಇಲ್ಲಿನ ಟೊಮೆಟೊ ಬೆಲೆಯನ್ನು ಅಲ್ಲಿನ ರೂಪಾಯಿಗೆ ಗುಣಿಸಿ ಬೆಚ್ಚಿಬೀಳುವುದು. ಮಧ್ಯಾಹ್ನ ಒಂದು ನಿದ್ದೆ. ಈ ನಿದ್ದೆಯಿಂದ ನನ್ನನ್ನು ಎಬ್ಬಿಸುತ್ತಿದ್ದುದು ಆಕಾಶ. ಪಿಯರ್ಸನ್ ವಿಮಾನ ನಿಲ್ದಾಣ ಇರುವುದು ಮಿಸಿಸಾಗಾದಲ್ಲೇ; ಜೆಟ್ ವಿಮಾನಗಳ ಸದ್ದು ಎರಡೇ ದಿನಕ್ಕೆ ಕಿವಿಗೆ ಒಗ್ಗಿತು. ನಡುನಡುವೆ ಬೇರೆ ಸದ್ದೊಂದು ಬರುತ್ತಿತ್ತು. ಟಪ್ ಟಪ್ ಟಪ್ ಎಂದು ಗಾಳಿಯನ್ನು ಕೈಯಲ್ಲಿ ಬಡಿದ ಹಾಗೆ. ‘ಎರಡು ಬ್ಲೇಡಿಂದು’ ಎಂದು ಮಲಗಿದಲ್ಲೇ ಹೇಳುತ್ತಿದ್ದೆ. ಬ್ಲೇಡು ಹೆಚ್ಚಿದಷ್ಟೂ ಬಡಿತಗಳು ಒಂದಕ್ಕೊಂದು ಹತ್ತಿರವಾಗಿ ಗುಂಯ್‌ಗುಡುತ್ತವೆ, ಎರಡರದ್ದಾದರೆ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನ ಹೆಂಡತಿ ಅಡುಗೆಮನೆಯಿಂದ, ‘ಇಲ್ಲಿಗೂ ಬಂತಾ ನನ್ನ ಸವತಿ?’ ಅನ್ನುತ್ತಿದ್ದಳು.

ಅಳಿಯಂದಿರು ಇದನ್ನು ಕೇಳಿಸಿಕೊಂಡಿರಬೇಕು. ಒಂದು ಶನಿವಾರ ಕಪಾಟಿನಿಂದ ಕ್ಯಾಮೆರಾ ತೆಗೆದುಕೊಟ್ಟರು. ಕ್ಯಾನನ್ ಕ್ಯಾಮೆರಾ, ಜೊತೆಗೆ ನನ್ನ ಮೊಣಕೈಯಷ್ಟು ಉದ್ದದ 100-400 ಲೆನ್ಸು. ಹಕ್ಕಿ ಫೋಟೊ ತೆಗೆಯುತ್ತೇನೆಂದು ಉಮೇದಿನಿಂದ ಕೊಂಡದ್ದಂತೆ; ಮಗಳು ಹುಟ್ಟಿದ ಮೇಲೆ ಹಕ್ಕಿಗಳು ಹಾರಿಹೋದವು. ‘ಮಾವ, ಈ ಡಯಲನ್ನು ಟಿವಿಗೆ ಇಡಿ’ ಅಂದರು. ಟೀವಿಗೂ ಇದಕ್ಕೂ ಏನು ಸಂಬಂಧ ಎಂದು ನಾನು ಮುಖ ನೋಡಿದೆ. ಟೈಮ್ ವ್ಯಾಲ್ಯೂ ಅನ್ನುವುದನ್ನು ಕ್ಯಾನನ್‌ನವರು ಹಾಗೆ ಚಿಕ್ಕದು ಮಾಡಿದ್ದಾರೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ನಾವು ಹೇಳಿದರೆ, ಮಿಕ್ಕದ್ದನ್ನು ಕ್ಯಾಮೆರಾ ಹೊಂದಿಸಿಕೊಳ್ಳುತ್ತದೆ. ಒನ್ ಬೈ ಟೂ ಥೌಸಂಡ್, ಒನ್ ಬೈ ಫೈವ್ ಹಂಡ್ರೆಡ್ ಎಂದು ಅವರು ಹೇಳುತ್ತಾ ಹೋದ ಹಾಗೆ ನನಗೆ ನೆನಪಾದದ್ದು ಬೆಂಗಳೂರಿನ ಹೋಟೆಲು. ಒನ್ ಬೈ ಟೂ ಕಾಫಿಯಲ್ಲೇ ಜೀವನ ಕಳೆದವರು ನಾವು. ಒಂದು ಸೆಕೆಂಡನ್ನು ಎರಡು ಸಾವಿರ ಜನಕ್ಕೆ ಹಂಚುವುದೆಂದರೆ ಜಿಪುಣತನದ ಪರಮಾವಧಿ.

ಏರ್ ಶೋ ನಡೆಯುವುದು ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇಗೆ ಹೊಂದಿಕೊಂಡ ಮೂರು ದಿನ. 1949ರಿಂದ ನಡೆದುಕೊಂಡು ಬಂದದ್ದು. 1879ರಲ್ಲಿ ಶುರುವಾದ ಸಿಎನ್‌ಇ ಜಾತ್ರೆ ಮುಗಿಯುವ ದಿನಗಳೂ ಅವೇ. ಜಾತ್ರೆ ಅನ್ನುವ ಮಾತನ್ನು ಬೇಕೆಂದೇ ಹೇಳಿದೆ. ತೊಟ್ಟಿಲು, ಕರಿದ ತಿಂಡಿ, ದನಕರುಗಳ ಪ್ರದರ್ಶನ, ಕಳೆದುಹೋದ ಮಕ್ಕಳ ಅನೌನ್ಸ್‌ಮೆಂಟು, ಎಲ್ಲವೂ ಇದೆ. ತೇರು ಮಾತ್ರ ಆಕಾಶದಲ್ಲಿ. ಪೋರ್ಟ್ ಕ್ರೆಡಿಟ್‌ನಲ್ಲಿ ಗೋ ರೈಲು ಹತ್ತಿ ಎಕ್ಸಿಬಿಷನ್ ಸ್ಟೇಷನ್ನಿನಲ್ಲಿ ಇಳಿದರೆ, ಜನರ ಹಿಂದೆ ನಡೆದು ಸರೋವರದ ದಂಡೆ ಸೇರಬಹುದು. ದಾರಿ ಕೇಳಬೇಕಾಗಿಲ್ಲ.

ದಂಡೆಯಲ್ಲಿ ಕೂತ ಮೇಲೆ ಮೊದಲ ಪಾಠವಾಯಿತು. ಟೊರಾಂಟೊದಲ್ಲಿ ನೀರಿರುವುದು ದಕ್ಷಿಣಕ್ಕೆ. ಪ್ರದರ್ಶನ ನೀರಿನ ಮೇಲೆ. ಹೊತ್ತು ನಡುಮಧ್ಯಾಹ್ನ. ನಮ್ಮ ಕಡೆ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳನ್ನೇ ನುಂಗುತ್ತಾನೆ. ಇಲ್ಲಿ ಹಾಗೆ ಎಂದೂ ಆಗುವುದಿಲ್ಲ. ಜೂನ್ ತಿಂಗಳ ಅತಿ ಉದ್ದದ ಹಗಲಲ್ಲೂ ಆತ ನೆತ್ತಿಯಿಂದ ಇಪ್ಪತ್ತು ಡಿಗ್ರಿ ದಕ್ಷಿಣಕ್ಕೇ ಇರುತ್ತಾನೆ. ಸೆಪ್ಟೆಂಬರಿಗೆ ಇನ್ನೂ ಕೆಳಗೆ. ಹಾಗಾಗಿ ದಂಡೆಯ ಮೇಲಿನ ಅಷ್ಟೂ ಜನ, ಅಷ್ಟೂ ಕ್ಯಾಮೆರಾ ಸೂರ್ಯನಿಗೇ ಮುಖ ಮಾಡಿರುತ್ತವೆ. ಆ ಬೆಳಕಿನಲ್ಲಿ ಹಾರುವುದೆಲ್ಲ ಕಾಗೆ. ಕ್ಯಾಮೆರಾ ಇಡೀ ಆಕಾಶದ ಬೆಳಕನ್ನು ಅಳೆದು, ‘ಅಬ್ಬಾ, ಎಷ್ಟು ಬೆಳಕು’ ಎಂದು ಚಿತ್ರವನ್ನು ಕತ್ತಲು ಮಾಡುತ್ತದೆ, ಯಂತ್ರದ ಹೊಟ್ಟೆ ಮಸಿಯಾಗುತ್ತದೆ. ಅಳಿಯಂದಿರು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನುವುದನ್ನು ಒಂದು ಸ್ಟಾಪು ಮೇಲಕ್ಕೆ ಏರಿಸಿಕೊಟ್ಟರು. ಆಕಾಶ ಬೆಳ್ಳಗಾದರೂ ಚಿಂತೆಯಿಲ್ಲ, ಹೊಟ್ಟೆಯ ಬಣ್ಣ ಕಾಣಲಿ ಎಂದು. ಶಟರನ್ನು ಎರಡು ಸಾವಿರಕ್ಕೆ ಇಟ್ಟರು. ಕೆನಡಾದ ಹೆಮ್ಮೆಯ ಸ್ನೋಬರ್ಡ್ಸ್ ತಂಡದ ಕೆಂಪು ಬಿಳುಪು ಜೆಟ್‌ಗಳಿಗೆ ಅದು ಸರಿಯಾಗಿಯೇ ಇತ್ತು. ಆಮೇಲೆ ಹೆಲಿಕಾಪ್ಟರು ಬಂದಾಗ ಅದನ್ನು ಬದಲಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅದು ಗ್ರಿಫನ್, ನಾಲ್ಕು ಬ್ಲೇಡಿನದು. ಇಲ್ಲಿಂದ ಪೂರ್ವಕ್ಕಿರುವ ಟ್ರೆಂಟನ್ ವಾಯುನೆಲೆಯಲ್ಲಿ ಕಾಣೆಯಾದವರನ್ನು ಹುಡುಕಿ ಎತ್ತಿ ತರುವ ಕೆಲಸಕ್ಕಿರುವಂಥದ್ದು. ನೀರಿನ ಮೇಲೆ ನಿಂತಲ್ಲೇ ನಿಂತು, ಹಗ್ಗದಲ್ಲಿ ಮನುಷ್ಯನೊಬ್ಬನನ್ನು ಇಳಿಸಿ ಮೇಲೆತ್ತಿಕೊಂಡಿತು. ನಾನು ಒತ್ತಿದ ಗುಂಡಿ ಬಿಡಲಿಲ್ಲ. ಫಲ ಏನೆಂದು ಆಗಲೇ ಹೇಳಿದೆ.

ಗುಂಪಿನಲ್ಲಿ ಉಗಿಸಿಕೊಂಡ ಮೇಲೆ ಆ ಚಿತ್ರವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ನ್ಯಾಯವಾಗಿ ಹೇಳಬೇಕೆಂದರೆ ಅದು ಹಾರುತ್ತಿದೆ ಎಂಬುದಕ್ಕೆ ಸಾಕ್ಷಿ ಚಿತ್ರದಲ್ಲೇ ಇತ್ತು. ನೆಲದ ಮೇಲೆ ನಿಂತ ಹೆಲಿಕಾಪ್ಟರಿನ ಬ್ಲೇಡುಗಳು ತೆಂಗಿನ ಗರಿಯಂತೆ ತುದಿಯಲ್ಲಿ ಜೋತುಬಿದ್ದಿರುತ್ತವೆ. ಹಾರುವಾಗ ಇಡೀ ಯಂತ್ರದ ಭಾರ ಅವುಗಳ ಮೇಲೆ ಬೀಳುವುದರಿಂದ ತುದಿಗಳು ಮೇಲೇಳುತ್ತವೆ, ಅಗಲವಾದ ಬಟ್ಟಲಿನ ಹಾಗೆ. ನನ್ನ ಫೋಟೊದಲ್ಲಿ ನಾಲ್ಕೂ ಬ್ಲೇಡು ಮೇಲಕ್ಕೆ ಬಾಗಿದ್ದವು. ಆದರೆ ಇದನ್ನು ಕಾಣಲು ಮೂವತ್ತು ವರ್ಷ ಶಾಪಿನಲ್ಲಿ ದುಡಿದಿರಬೇಕು. ಮೊಮ್ಮಗಳಿಗೆ ಕಂಡದ್ದು ನಿಂತ ಫ್ಯಾನು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಬ್ಲೇಡನ್ನು ನಿಲ್ಲಿಸಿ ನೋಡುವುದು ನನಗೆ ಹೊಸದೇನೂ ಆಗಿರಲಿಲ್ಲ.

ಬ್ಲೇಡ್ ಟ್ರ್ಯಾಕಿಂಗ್ ಎಂದು ಒಂದು ಕೆಲಸವಿದೆ. ಹೆಲಿಕಾಪ್ಟರಿಗೆ ಎಷ್ಟು ಬ್ಲೇಡಿದ್ದರೂ ಎಲ್ಲವುಗಳ ತುದಿ ಒಂದೇ ಮಟ್ಟದಲ್ಲಿ, ಹಿಂದಿನದು ಹೋದ ದಾರಿಯಲ್ಲೇ ಹೋಗಬೇಕು. ಒಂದು ಕೊಂಚ ಮೇಲೆ, ಇನ್ನೊಂದು ಕೊಂಚ ಕೆಳಗೆ ಓಡಿದರೆ ಯಂತ್ರ ಕುದುರೆಗಾಡಿಯ ಹಾಗೆ ಕುಲುಕುತ್ತದೆ. ಹಾಗೇ ಬಿಟ್ಟರೆ ಕುಲುಕಾಟ ಒಂದೊಂದೇ ಬಿಡಿಭಾಗವನ್ನು ತಿನ್ನುತ್ತದೆ. ನಾನು ಸೇರಿದ ಹೊಸತರಲ್ಲಿ ಇದನ್ನು ನೋಡಲು ಬಳಸುತ್ತಿದ್ದುದು ಬಾವುಟ. ಪ್ರತಿ ಬ್ಲೇಡಿನ ತುದಿಗೆ ಒಂದೊಂದು ಬಣ್ಣದ ಸೀಮೆಸುಣ್ಣ ಬಳಿಯುವುದು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ರೋಟರು ಪೂರ್ತಿ ವೇಗಕ್ಕೆ ಬಂದ ಮೇಲೆ ಒಬ್ಬ ಉದ್ದನೆಯ ಕೋಲಿಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆಯನ್ನು ನಿಧಾನವಾಗಿ ವಾಲಿಸಿ, ತುದಿಗಳಿಗೆ ಹೌದೋ ಅಲ್ಲವೋ ಅನ್ನುವಷ್ಟು ತಾಗಿಸಿ ತೆಗೆಯಬೇಕು. ಪಟ್ ಎಂದು ಒಂದು ಸದ್ದು. ಬಟ್ಟೆಯ ಮೇಲೆ ಬಣ್ಣದ ಗೀರುಗಳು. ಎಲ್ಲವೂ ಒಂದರ ಮೇಲೊಂದು ಕೂತಿದ್ದರೆ ಟ್ರ್ಯಾಕು ಸರಿ. ಕೆಂಪು ಮೇಲೆ, ನೀಲಿ ಕೆಳಗೆ ಬಿದ್ದಿದ್ದರೆ ಯಂತ್ರ ನಿಲ್ಲಿಸಿ, ಪಿಚ್ ಸರಿಪಡಿಸಿ, ಮತ್ತೆ ಮೊದಲಿಂದ. ಕೋಲು ಹಿಡಿಯುವವನ ಹೆಂಡತಿ ಅಂದು ದೇವರಿಗೆ ಹೆಚ್ಚು ಹೊತ್ತು ದೀಪ ಹಚ್ಚುತ್ತಿದ್ದಳು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆಮೇಲೆ ಸ್ಟ್ರೋಬ್ ಬಂತು. ತುದಿಗಳಿಗೆ ಹೊಳೆಯುವ ಪಟ್ಟಿ ಅಂಟಿಸಿ, ರೋಟರಿನ ಲಯಕ್ಕೆ ಸರಿಯಾಗಿ ಮಿನುಗುವ ದೀಪ ಬಿಟ್ಟರೆ, ಸುತ್ತುತ್ತಿರುವ ಬ್ಲೇಡುಗಳು ಗಾಳಿಯಲ್ಲಿ ನಿಂತೇಬಿಡುತ್ತವೆ. ಹೊಳೆಯುವ ಪಟ್ಟಿಗಳು ಸಾಲಾಗಿ ಕಾಣುತ್ತವೆ. ಯಾವುದು ಸಾಲು ತಪ್ಪಿದೆ ಎಂದು ಒಳಗೆ ಕೂತೇ ಹೇಳಬಹುದು. ಮೊದಲ ಸಲ ನೋಡಿದಾಗ ಮೈ ಝುಂ ಅಂದಿತ್ತು. ಎರಡು ಸಾವಿರದ ಶಟರು ಮಾಡಿದ್ದು ಇದನ್ನೇ. ನಾವು ಬ್ಲೇಡನ್ನು ನಿಲ್ಲಿಸುತ್ತಿದ್ದುದು ತಪ್ಪು ಹುಡುಕುವುದಕ್ಕೆ. ಓಡುತ್ತಿರುವ ಯಂತ್ರದ ಚಿತ್ರ ಬೇಕೆಂದರೆ ನನಗೆ ಬೇಕಾದದ್ದು ಆ ಹಳೇ ಬಾವುಟ. ಬ್ಲೇಡು ತಾನೇ ಬಂದು ತಾಗಿ, ತನ್ನ ಬಣ್ಣ ಬಳಿದು ಹೋಗಬೇಕು. ಶಟರು ಅಷ್ಟು ಹೊತ್ತು ತೆರೆದಿರಬೇಕು.

ಎಷ್ಟು ಹೊತ್ತು? ಮರುದಿನ ಬೆಳಿಗ್ಗೆ ಟಿಮ್ ಹಾರ್ಟನ್ಸ್‌ನ ಕಾಗದದ ಚೀಲದ ಬೆನ್ನಿಗೆ ಲೆಕ್ಕ ಹಾಕಿದೆ. ಹೆಲಿಕಾಪ್ಟರಿನ ಬ್ಲೇಡಿಗೆ ಒಂದು ಲಕ್ಷ್ಮಣರೇಖೆಯಿದೆ. ತುದಿಯ ವೇಗ ಶಬ್ದದ ವೇಗದ ಹತ್ತಿರ ಹೋಗಬಾರದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಮುನ್ನುಗ್ಗುವ ಬ್ಲೇಡಿಗೆ ಯಂತ್ರದ ವೇಗವೂ ಸೇರಿಕೊಳ್ಳುವುದರಿಂದ, ತುದಿಯನ್ನು ಸಾಮಾನ್ಯವಾಗಿ 200-220ರ ಆಸುಪಾಸಿಗೆ ಕಟ್ಟಿಹಾಕುತ್ತಾರೆ. ಚಿಕ್ಕದಕ್ಕೂ ಇಷ್ಟೇ, ದೊಡ್ಡದಕ್ಕೂ ಇಷ್ಟೇ. ಹಾಗಾಗಿ ಬ್ಲೇಡು ಉದ್ದವಾದಷ್ಟೂ ಸುತ್ತು ನಿಧಾನ, ಸೈಕಲ್ ಗಾಲಿಗೂ ತೇರಿನ ಗಾಲಿಗೂ ಇರುವ ವ್ಯತ್ಯಾಸ. ಟೊರಾಂಟೊದ ಮೇಲೆ ಪ್ರವಾಸಿಗರನ್ನು ಸುತ್ತಿಸುವ ರಾಬಿನ್ಸನ್ 44ರಂಥ ಪುಟ್ಟದು ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಿದರೆ, 13.8 ಮೀಟರ್ ಅಗಲದ ರೋಟರಿರುವ ಏರ್ ಆಂಬುಲೆನ್ಸಿನ ಎಡಬ್ಲ್ಯು 139 ತಿರುಗುವುದು ಸುಮಾರು 300. ಅಂದರೆ ಸೆಕೆಂಡಿಗೆ ಐದು ಸುತ್ತು, 1800 ಡಿಗ್ರಿ. ಎರಡು ಸಾವಿರದ ಶಟರಿನಲ್ಲಿ ಅದು ಒಂದು ಡಿಗ್ರಿಯೂ ಜರುಗುವುದಿಲ್ಲ. ನಿಂತಂತೆ ಕಾಣದೆ ಇನ್ನೇನು? 250ಕ್ಕೆ ಇಟ್ಟರೆ ಏಳು ಡಿಗ್ರಿ, ತುದಿ ಕೊಂಚ ಕದಡುತ್ತದೆ. 60ಕ್ಕೆ ಇಟ್ಟರೆ ಮೂವತ್ತು ಡಿಗ್ರಿ, ಬೀಸಣಿಗೆ ಬಿಚ್ಚಿದಂತೆ. ಐದು ಬ್ಲೇಡುಗಳ ನಡುವಿನ ಅಂತರ 72 ಡಿಗ್ರಿ. 25ಕ್ಕೆ ಇಟ್ಟರೆ ಒಂದು ಬ್ಲೇಡು ಇನ್ನೊಂದರ ಜಾಗ ಮುಟ್ಟಿ ಪೂರ್ತಿ ಚಕ್ರ ತುಂಬುತ್ತದೆ. ಎರಡೇ ಬ್ಲೇಡಿನ ಪುಟ್ಟದಕ್ಕೆ ಚಕ್ರ ತುಂಬಬೇಕಾದರೆ ಸೆಕೆಂಡಿನ ಹದಿಮೂರನೇ ಒಂದು ಪಾಲು ಬೇಕು. ಅದರ ಆಸೆ ಬಿಟ್ಟೆ.

ಅಳಿಯಂದಿರು ಚೀಲ ನೋಡಿ, ‘ಲೆಕ್ಕ ಸರಿ ಮಾವ. ಆದರೆ ಅಷ್ಟು ಹೊತ್ತು ನಿಮ್ಮ ಕೈ ನಡುಗದೆ ಇರಬೇಕಲ್ಲ?’ ಅಂದರು. 400 ಮಿಲಿಮೀಟರ್ ಲೆನ್ಸು ಹಿಡಿದವನು ಶಟರನ್ನು 400ಕ್ಕಿಂತ ಕೆಳಗೆ ಇಳಿಸಬಾರದು ಎಂಬುದು ಹಳಬರ ಸೂತ್ರವಂತೆ. ನಾನು ಇಳಿಸಲು ಹೊರಟದ್ದು ಅರವತ್ತಕ್ಕೆ, ಅದೂ ಅರವತ್ತೇಳರ ವಯಸ್ಸಿನಲ್ಲಿ.

ಬ್ಯಾಥರ್ಸ್ಟ್ ಬೀದಿ ನೀರಿಗೆ ಮುಟ್ಟುವ ಕಡೆ ಲಿಟಲ್ ನಾರ್ವೆ ಪಾರ್ಕ್ ಎಂದು ಒಂದು ಪುಟ್ಟ ಉದ್ಯಾನವಿದೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆ ಜರ್ಮನರ ಪಾಲಾದ ಮೇಲೆ ಆ ದೇಶದ ವಾಯುಪಡೆಯ ಹುಡುಗರು ಇಲ್ಲಿ ಬಿಡಾರ ಹೂಡಿ ತರಬೇತಿ ಪಡೆದಿದ್ದರು, ಅದಕ್ಕೆ ಆ ಹೆಸರು. ಎದುರಿಗೇ ನೂರಿಪ್ಪತ್ತು ಮೀಟರ್ ಅಗಲದ ಕಾಲುವೆ, ಅದರಾಚೆ ದ್ವೀಪದ ಮೇಲೆ ಬಿಲ್ಲಿ ಬಿಷಪ್ ವಿಮಾನ ನಿಲ್ದಾಣ. ಟೂರಿನ ಹೆಲಿಕಾಪ್ಟರುಗಳು ಅಲ್ಲಿಂದ ಏಳುತ್ತವೆ. ಮೊಮ್ಮಗಳಿಗೆ ರಜೆಯಿದ್ದ ಮಧ್ಯಾಹ್ನ ಅವಳನ್ನೂ ಕರೆದುಕೊಂಡು ಹೋಗಿ ಅಲ್ಲಿ ಕೂತೆವು.

ಮೊದಲು ಸೋತದ್ದು ಬೆಳಕಿಗೆ. ಶಟರನ್ನು ಅರವತ್ತಕ್ಕೆ ಇಳಿಸಿದರೆ ಬಿಸಿಲು ಸುರಿದು ಬರುತ್ತದೆ. ಐಎಸ್‌ಒ ನೂರಕ್ಕೆ ಇಳಿಸಿದರೂ ಅಪರ್ಚರ್ ಎಫ್ 22ರವರೆಗೆ ಮುಚ್ಚಿಕೊಂಡಿತು. ಆ ಸೂಜಿಕಣ್ಣಿನಿಂದ ನೋಡಿದರೆ ಚಿತ್ರ ಮಂಕು, ಸಾಲದ್ದಕ್ಕೆ ಆಕಾಶದ ತುಂಬ ಕರಿ ಚುಕ್ಕಿಗಳು. ದೂರದ ಹಕ್ಕಿಗಳೆಂದುಕೊಂಡೆ. ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಹಾರುವ ಹಕ್ಕಿ ಯಾವುದು? ಸೆನ್ಸರಿನ ಮೇಲಿನ ಧೂಳು. ಕಪಾಟಿನಲ್ಲಿ ಕೂತ ವರ್ಷಗಳ ಲೆಕ್ಕ. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಹಾಕಿದ ಮೇಲೆ, ಅಂದರೆ ಕ್ಯಾಮೆರಾಕ್ಕೆ ಕಪ್ಪು ಕನ್ನಡಕ ತೊಡಿಸಿದ ಮೇಲೆ, ಎಫ್ 8ಕ್ಕೆ ಬಂದು ಚುಕ್ಕಿಗಳು ಮಾಯವಾದವು.

ಎರಡನೆಯದು ಕೈ. ಓಡುವುದರ ಜೊತೆ ಕ್ಯಾಮೆರಾವನ್ನೂ ಓಡಿಸಬೇಕು. ಯಂತ್ರ ಚೌಕಟ್ಟಿನೊಳಗೆ ಒಂದೇ ಕಡೆ ಕೂತಿರಬೇಕು, ಆಗ ಮೈ ಸ್ಪಷ್ಟ, ಬ್ಲೇಡು ಮಾತ್ರ ಕದಡು. ಪ್ಯಾನಿಂಗ್ ಅನ್ನುತ್ತಾರೆ. ಲೆನ್ಸಿನ ಮೇಲಿನ ಸ್ಟೆಬಿಲೈಸರನ್ನು ಎರಡನೇ ಮೋಡಿಗೆ ತಳ್ಳಿದರೆ ಅದು ಮೇಲೆ ಕೆಳಗಿನ ನಡುಕವನ್ನಷ್ಟೇ ತಡೆದು, ಪಕ್ಕಕ್ಕೆ ತಿರುಗುವುದನ್ನು ನಮ್ಮ ಪಾಡಿಗೆ ಬಿಡುತ್ತದೆ. ಫೋಕಸ್ಸು ಬಿಡದೆ ಹಿಂಬಾಲಿಸುವ ಸರ್ವೋದಲ್ಲಿರಬೇಕು. ಇಷ್ಟೆಲ್ಲ ಮಾಡಿಯೂ ನನ್ನ ಚಿತ್ರಗಳಲ್ಲಿ ಬಾಲವೊಂದೇ ಸ್ಪಷ್ಟ, ಮೂತಿ ಹಿಟ್ಟು. ಗುಂಡಿ ಒತ್ತಿದ ತಕ್ಷಣ ಕೈ ನಿಲ್ಲಿಸುತ್ತಿದ್ದೆ ಎಂದು ಸಂಜೆಯ ಹೊತ್ತಿಗೆ ಅರ್ಥವಾಯಿತು. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಜೋಳದ ಹೊಲಕ್ಕೆ ಹಕ್ಕಿ ಬಂದಾಗ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದೆವು. ಕಲ್ಲು ಹೋದ ಮೇಲೂ ತೋಳು ತನ್ನ ಸುತ್ತನ್ನು ಮುಗಿಸುತ್ತದೆ. ನಡುವೆ ತಡೆದರೆ ಕಲ್ಲು ಪಕ್ಕದ ಹೊಲಕ್ಕೆ. ಕಾಲು ಅಗಲಿಸಿ, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗಿದೆ. ಕ್ಲಿಕ್ಕಾದ ಮೇಲೂ ತಿರುಗುತ್ತಲೇ ಇದ್ದೆ. ಪಕ್ಕದ ಬೆಂಚಿನ ಚೀನೀ ಅಜ್ಜ ನಾನು ತೈ ಚಿ ಮಾಡುತ್ತಿದ್ದೇನೆಂದು ತಿಳಿದನೋ ಏನೋ, ತಲೆಯಾಡಿಸಿ ಮೆಚ್ಚಿದ. (ಅದೇ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ನಾನು ರಿಟೈರಾಗುವವರೆಗೂ ಕಾದಿದ್ದು ಬಂದಂತಿದೆ.)

ಮೊಮ್ಮಗಳು ಫೋನಿನಲ್ಲಿ ತೆಗೆದದ್ದು ಇನ್ನೂ ಮಜಾ. ‘ತಾತ, ಬ್ಲೇಡು ಬನಾನಾ ಥರ ಬೆಂಡ್ ಆಗಿದೆ ನೋಡಿ!’ ನಿಜಕ್ಕೂ ಕುಡುಗೋಲಿನ ಹಾಗೆ ಬಾಗಿತ್ತು. ಫೋನು ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ; ಪುಸ್ತಕ ಓದುವ ಮಗುವಿನ ಹಾಗೆ ಸಾಲು ಸಾಲಾಗಿ ಓದುತ್ತದೆ. ಅದು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಬ್ಲೇಡು ಬೇರೆ ಕಡೆ ಹೋಗಿರುತ್ತದೆ. ಕ್ಯಾಮೆರಾದಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರು ಆನ್ ಆಗಿದ್ದರೆ ಇದೇ ಪಾಡು, ಹೆಲಿಕಾಪ್ಟರಿಗೆ ಕಟ್ ಕಟ್ ಅನ್ನುವ ಮೆಕ್ಯಾನಿಕಲ್ ಶಟರೇ ಬೇಕು. ಅವಳ ವಿಡಿಯೊದಲ್ಲಂತೂ ಬ್ಲೇಡುಗಳು ಆಲಸ್ಯದಿಂದ ಹಿಂದಕ್ಕೆ ತಿರುಗುತ್ತಿದ್ದವು, ಹಳೇ ಸಿನಿಮಾಗಳ ಸಾರೋಟಿನ ಚಕ್ರದಂತೆ. ವಾಪಸು ರೈಲಿನಲ್ಲಿ ಅದನ್ನು ವಿವರಿಸುತ್ತಾ ಇಳಿಯುವ ಸ್ಟೇಷನ್ ದಾಟಿಬಿಟ್ಟೆವು.

ದಂಡೆಯಿಂದ ಸಾಧ್ಯವಿಲ್ಲ, ಸೂರ್ಯನ ಕಡೆಯಿಂದಲೇ ನೋಡಬೇಕು ಎಂದು ಮುಂದಿನ ವಾರ ಫೆರಿ ಹತ್ತಿ ದ್ವೀಪದ ಹ್ಯಾನ್ಲನ್ಸ್ ಪಾಯಿಂಟಿಗೆ ಹೋದೆವು. ಅಳಿಯಂದಿರು ಅರ್ಧ ದಿನ ರಜೆ ಹಾಕಿದ್ದರು. ನನ್ನ ಹೆಂಡತಿ ಚಪಾತಿ ಪಲ್ಯ ಕಟ್ಟಿಕೊಟ್ಟಿದ್ದಳು. ಇಲ್ಲಿಂದ ವಿಮಾನ ನಿಲ್ದಾಣದ ಬೇಲಿ ಕೂಗಳತೆಯಲ್ಲಿ. ಬೆಳಕು ಬೆನ್ನಿನ ಕಡೆಯಿಂದಲೂ ಎಡಗಡೆಯಿಂದಲೂ ಬಂದು ಬೀಳುತ್ತದೆ, ಎದುರಿಗೆ ನೀರು, ನೀರಿನಾಚೆ ಇಡೀ ನಗರ, ನಡುವೆ ಸಿಎನ್ ಟವರ್.

ಆ ಟವರಿಗೂ ಹೆಲಿಕಾಪ್ಟರಿಗೂ ನಂಟಿದೆ. ಈ ಸಲದ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ ಕಥೆ ಅದು. ಕಾಂಕ್ರೀಟಿನ ಕಂಬ ಮುಗಿದ ಮೇಲೆ ಅದರ ನೆತ್ತಿಗೆ ನೂರು ಮೀಟರಿಗೂ ಮಿಕ್ಕಿದ ಉಕ್ಕಿನ ಆಂಟೆನಾ ಕೂರಿಸಬೇಕಿತ್ತು. ಕ್ರೇನಿನಲ್ಲಾದರೆ ತಿಂಗಳುಗಟ್ಟಲೆಯ ಕೆಲಸ. 1975ರ ಮಾರ್ಚಿನಲ್ಲಿ ಸಿಕೋರ್ಸ್ಕಿ ಸ್ಕೈಕ್ರೇನ್ ಒಂದನ್ನು ತರಿಸಿದರು, ಓಲ್ಗಾ ಎಂದು ಅದರ ಹೆಸರು. ಮೊದಲ ಕೆಲಸ ತುದಿಯಲ್ಲಿದ್ದ ಹಳೇ ಕ್ರೇನನ್ನು ಬಿಚ್ಚಿ ಇಳಿಸುವುದು. ಅದರಲ್ಲೇ ಒಂದು ತುಂಡು ಬೋಲ್ಟುಗಳಿಗೆ ಕಚ್ಚಿಕೊಂಡು ಹೆಲಿಕಾಪ್ಟರನ್ನು ಟವರಿಗೆ ಕಟ್ಟಿಹಾಕಿದ ಹಾಗಾಯಿತು. ಕೆಲಸಗಾರರು ಬೋಲ್ಟು ಕಡಿದು ಬಿಡಿಸುವವರೆಗೆ ಪೈಲಟ್ ಅಲ್ಲೇ ತೂಗುತ್ತಾ ನಿಲ್ಲಬೇಕಾಯಿತು. ಆಮೇಲೆ ಆಂಟೆನಾವನ್ನು ತುಂಡು ತುಂಡಾಗಿ ಎತ್ತಿ ಒಂದರ ಮೇಲೊಂದು ಇಳಿಸಿ, ಏಪ್ರಿಲ್ 2ರಂದು ಕೊನೆಯ ತುಂಡು ಕೂತಾಗ 553 ಮೀಟರ್ ಎತ್ತರ ಪೂರ್ತಿಯಾಯಿತು. ನಗರದ ಜನ ಕೆಲಸ ಬಿಟ್ಟು ಕುತ್ತಿಗೆ ಮೇಲೆತ್ತಿ ನೋಡಿದ್ದರಂತೆ. ಆರು ಬ್ಲೇಡು, ಸುಮಾರು 22 ಮೀಟರ್ ಅಗಲದ ರೋಟರು. ಚೀಲದ ಲೆಕ್ಕದಲ್ಲಿ ಓಲ್ಗಾ ಸೆಕೆಂಡಿಗೆ ಮೂರೇ ಸುತ್ತು. ಅಂದು ಕೆಳಗೆ ಫಿಲ್ಮ್ ರೋಲಿನ ಮೂವತ್ತಾರೇ ಫ್ರೇಮು ಇಟ್ಟುಕೊಂಡು ನಿಂತವರು ಯಾವ ಶಟರಿಗೆ ಇಟ್ಟಿದ್ದರೋ. 125ಕ್ಕೆ ಇಟ್ಟಿದ್ದರೂ ಅಂಥ ನಿಧಾನಿಯ ಬ್ಲೇಡು ಒಂಬತ್ತು ಡಿಗ್ರಿಯಷ್ಟೂ ಜರುಗುತ್ತಿರಲಿಲ್ಲ. ಮೇಲೆ ನಿಂತು ಆ ತೂಗಾಡುವ ಉಕ್ಕನ್ನು ಕೈಯಲ್ಲಿ ಹಿಡಿದು ರಂಧ್ರಕ್ಕೆ ರಂಧ್ರ ಕೂಡಿಸಿದವರ ಬಗ್ಗೆ ನನಗೆ ಹೆಚ್ಚು ಕುತೂಹಲ. ರೋಟರಿನ ಗಾಳಿಯ ಕೆಳಗೆ ನಿಂತವರಿಗೆ ಗೊತ್ತು, ಅದು ಬಾಯಿಂದ ಮಾತನ್ನೇ ಕಿತ್ತುಕೊಂಡು ಹೋಗುತ್ತದೆ.

ಏಳು ಗಂಟೆಯ ಹೊತ್ತಿಗೆ ಬಿಸಿಲು ಮಾಗಿತು. ಸೂರ್ಯ ಮುಳುಗುವುದು ಏಳೂವರೆಯ ಮೇಲೆ. ಎನ್‌ಡಿ ಫಿಲ್ಟರನ್ನು ಬಿಚ್ಚಿ ಜೇಬಿಗೆ ಹಾಕಿದೆ. ನಿಧಾನದ ಶಟರಿಗೆ ಸಂಜೆಗಿಂತ ಒಳ್ಳೆಯ ಹೊತ್ತಿಲ್ಲ, ಬೆಳಕು ತಾನಾಗಿ ತಗ್ಗಿ ಬರುತ್ತದೆ. ಮೂರು ಟೂರಿನ ಹೆಲಿಕಾಪ್ಟರು ಬಂದುಹೋದವು. ಅರವತ್ತಕ್ಕೆ ಇಟ್ಟು ತೆಗೆದ ನೂರಾ ಎಂಟು ಚಿತ್ರಗಳಲ್ಲಿ ನಾಲ್ಕು ಪಾಸು. ಅಷ್ಟೋತ್ತರಕ್ಕೆ ನಾಲ್ಕೇ ಪ್ರಸಾದ ಎಂದು ಅಳಿಯಂದಿರು ನಕ್ಕರು.

ಆಮೇಲೆ ಪೂರ್ವದ ಕಡೆಯಿಂದ ಗುಂಯ್ ಎನ್ನುವ ಸದ್ದು. ‘ಇದು ಐದು ಬ್ಲೇಡಿಂದು’ ಅಂದೆ. ಕಟ್ಟಡಗಳ ಸಂದಿಯಿಂದ ಕಿತ್ತಳೆ ಬಣ್ಣದ್ದು ಬಂತು. ಏರ್ ಆಂಬುಲೆನ್ಸು. 1977ರಲ್ಲಿ ಟೊರಾಂಟೊದಲ್ಲಿ ಒಂದೇ ಹೆಲಿಕಾಪ್ಟರಿನಿಂದ ಶುರುವಾದ ಸೇವೆ ಈಗ ಒಂಟಾರಿಯೊ ಪ್ರಾಂತ್ಯಕ್ಕೆಲ್ಲ ಹಬ್ಬಿದೆ. ಹೆಸರೂ ಮೈಬಣ್ಣದ್ದೇ, ಆರೆಂಜಿನ ಸ್ಪೆಲ್ಲಿಂಗಿನಿಂದ ಒಂದಕ್ಷರ ಕಿತ್ತು ಇಟ್ಟದ್ದು. ರಾತ್ರಿ ಹನ್ನೊಂದರ ಮೇಲೆ ಈ ದ್ವೀಪದ ನಿಲ್ದಾಣಕ್ಕೆ ಉಳಿದೆಲ್ಲ ವಿಮಾನ ಬಂದ್, ಇದಕ್ಕಿಲ್ಲ. ಕ್ಯಾಮೆರಾ ಎತ್ತಲು ಒಂದು ಗಳಿಗೆ ಹಿಂಜರಿಕೆಯಾಯಿತು. ಒಳಗೆ ಯಾರದೋ ಮನೆಯವರು ಮಲಗಿದ್ದರೆ? ‘ಆಸ್ಪತ್ರೆ ಆ ಕಡೆ ಮಾವ. ಇದು ಇಳಿಸಿ ವಾಪಸು ಬರ್ತಿದೆ’ ಅಂದರು ಅಳಿಯಂದಿರು. ಅದು ಬೇಲಿಯಾಚೆ ತಗ್ಗಿ ಬಂದು, ಇಳಿಯುವ ಮುಂಚೆ ಗಾಳಿಯಲ್ಲಿ ಒಂದಿಷ್ಟು ಹೊತ್ತು ನಿಂತಿತು. ನಾನು ಶಟರನ್ನು ಇಪ್ಪತ್ತೈದಕ್ಕೆ ಇಳಿಸಿ, ಕ್ಯಾಮೆರಾವನ್ನು ಬೇಲಿಯ ಕಂಬಕ್ಕೆ ಆನಿಸಿ, ಉಸಿರು ಬಿಟ್ಟು ಅರ್ಧಕ್ಕೆ ತಡೆದು, ಒತ್ತಿದೆ.

ಫೆರಿಯಲ್ಲಿ ಕೂತು ಪರದೆಯ ಮೇಲೆ ನೋಡಿದೆವು. ಮೈ ಸ್ಪಷ್ಟ ಅನ್ನುವ ಹಾಗಿಲ್ಲ, ಬಾಗಿಲ ಅಂಚು ಸ್ವಲ್ಪ ಮೆತ್ತಗಿತ್ತು. ಮೇಲೆ ಕಿತ್ತಳೆ ಬೆಳಕು ಹಿಡಿದ ಗಾಜಿನ ತಟ್ಟೆಯಂತೆ ರೋಟರು, ಅದರ ಹಿಂದೆ ನಗರದ ದೀಪಗಳು ಕಾಣುವಷ್ಟು ತೆಳು. ಅಳಿಯಂದಿರು ಬಣ್ಣ ನೋಡಿ ಮೆಚ್ಚಿದರು. ನಾನು ತಟ್ಟೆಯ ತುದಿಗೆ ಝೂಮ್ ಮಾಡಿ ಬೆರಳಿನಿಂದ ಸರಿಸುತ್ತಾ ಹೋದೆ. ಇಪ್ಪತ್ತೈದರ ಶಟರಿನಲ್ಲಿ ಒಂದು ಬ್ಲೇಡಿನ ಗೆರೆ ಮುಗಿದಲ್ಲಿ ಇನ್ನೊಂದರದು ಶುರುವಾಗುತ್ತದೆ. ಟ್ರ್ಯಾಕು ತಪ್ಪಿದ್ದರೆ ಆ ಜಾಗದಲ್ಲಿ ಮೆಟ್ಟಿಲು ಬೀಳಬೇಕು. ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ‘ಏನು ನೋಡ್ತಿದ್ದೀರಿ ಮಾವ?’ ಅಂದರು. ‘ಏನಿಲ್ಲ, ಒಂದೇ ಗೆರೆ ಇದೆ’ ಅಂದೆ.

ರಾತ್ರಿ ಅದನ್ನೇ ಗುಂಪಿಗೆ ಹಾಕಿದೆ. ಮೊದಲ ಸಲ ಪೈಲಟ್ ಗತಿ ಕೇಳಿದವನು ಒಂದು ಕಾಲದಲ್ಲಿ ಬಾವುಟದ ಕೋಲು ಹಿಡಿಯುತ್ತಿದ್ದವನು. ಈ ಸಲ ಅವನ ಉತ್ತರ ಬರಲು ಹೊತ್ತು ಹಿಡಿಯಿತು, ಅವನೂ ದೊಡ್ಡದು ಮಾಡಿ ನೋಡುತ್ತಿದ್ದಿರಬೇಕು.

‘ಟ್ರ್ಯಾಕ್ ಓಕೆ. ಫ್ಲೈಟಿಗೆ ಬಿಡಬಹುದು.’